ಹಬ್ಬದ ಮಧ್ಯಾಹ್ನ ನೆನೆದ ಪೊರೆಗಳು

ನಾನು ಸಂಬಳ ತೆಗೆದುಕೊಂಡದ್ದು ತೂತು ಮಾಡುವುದಕ್ಕೆ. ಯಾರಾದರೂ ಕೇಳಿದರೆ ಹಾಗೆಯೇ ಹೇಳುತ್ತಿದ್ದೆ. ತಾಳವಾಡಿಯ ಟೀ ಅಂಗಡಿಯಲ್ಲಿ ಹಳೆಯ ಗೆಳೆಯನೊಬ್ಬ ನನ್ನನ್ನು ಕಂಡಾಗಲೆಲ್ಲ, "ಎಲ್ರೂ ತೂತ್ ಮುಚ್ಚಕ್ಕೆ ಕೂಲಿ ಈಸ್ಕತಾರೆ, ನೀನೊಬ್ಬ ತೂತ್ ಮಾಡಕ್ ಈಸ್ಕತೀಯ ಕಣ್ಲಾ ಬಸಣ್ಣ" ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಆದರೆ ಆ ತೂತುಗಳನ್ನು ನೆನೆದರೆ ಈಗಲೂ ಕಣ್ಣು ಅರ್ಧ ಮುಚ್ಚಿದ ಹಾಗಾಗುತ್ತದೆ. ಕಾಣದೇ ಇರುವುದನ್ನು ಅಷ್ಟು ವರ್ಷ ಕೈಯಲ್ಲಿ ಹಿಡಿದು ಓಡಾಡಿದೆನಲ್ಲ ಎನ್ನಿಸುತ್ತದೆ.

ಈಗ ನಮ್ಮ ಸೀಮೆಯ ಮಕ್ಕಳು ಕೊಯಮತ್ತೂರು, ಮೈಸೂರು ಎಂದು ಲ್ಯಾಬ್ ಕೆಲಸಕ್ಕೆ ಹೋಗುತ್ತಿದ್ದಾರೆ. ಇದನ್ನು ಅವರಿಗಾಗಿ ಬರೆಯುತ್ತಿದ್ದೇನೆ. ನಾನು ಓದಿದ್ದು ಹತ್ತನೆಯ ತರಗತಿವರೆಗೆ, ವಿಜ್ಞಾನ ಹೇಳಿಕೊಡಲಾರೆ. ಆ ಕೆಲಸ ನಿಜಕ್ಕೂ ಹೇಗಿರುತ್ತದೆ, ಅದರಲ್ಲಿ ನಾನು ಏನನ್ನು ಕೆಡಿಸಿದೆ, ಅಷ್ಟನ್ನು ಹೇಳಬಲ್ಲೆ.

ಎರಡು ಸಾವಿರದ ಇಸವಿ ಆಗತಾನೇ ಕಳೆದಿತ್ತು. ದೊಡ್ಡಗಾಜನೂರಿನಿಂದ ಸ್ವಲ್ಪ ಆಚೆ, ರೇಷ್ಮೆ ಹುಳು ಸಾಕುತ್ತಿದ್ದ ಉದ್ದನೆಯ ಮನೆಯೊಂದು ಖಾಲಿ ಬಿದ್ದಿತ್ತು. ಮದರಾಸಿನಲ್ಲಿ ಬಹಳ ಕಾಲ ಪಾಠ ಮಾಡಿ ಊರಿಗೆ ಮರಳಿದ ಪ್ರೊಫೆಸರೊಬ್ಬರು ಅದನ್ನು ಲ್ಯಾಬ್ ಮಾಡಿದರು. ನಾವು ಅವರನ್ನು ದೊಡ್ಡಸಾರ್ ಎನ್ನುತ್ತಿದ್ದೆವು. ಅವರ ಕೆಲಸಕ್ಕೆ ನಮ್ಮ ಬೆಟ್ಟದ ತಂಪು ಬೇಕಾಗಿತ್ತು. ಹುಳು ಸಾಕಿದವರಿಗೆ ಚೊಕ್ಕಟವಾಗಿರುವುದು ಗೊತ್ತಿರುತ್ತದೆ ಎಂದು ಮೊದಲು ಬೀರಪ್ಪನನ್ನು ಕೆಲಸಕ್ಕೆ ಇಟ್ಟುಕೊಂಡರು. ಬೀರಪ್ಪ ಗುಮಟಾಪುರದ ನನ್ನ ಸೋದರಮಾವನ ಮಗ, ನನ್ನ ಅಕ್ಕನ ಗಂಡ. ಆಮೇಲೆ ಬಾವ ನನ್ನನ್ನೂ ಕರೆದುಕೊಂಡು ಹೋಗಿ ನಿಲ್ಲಿಸಿದ. ಆಗ ನಾನು ಐವತ್ತರ ಹತ್ತಿರದವನು.

ಕೆಲಸ ಹೀಗಿತ್ತು. ತೆಳ್ಳನೆಯ ಅಲ್ಯೂಮಿನಿಯಂ ಹಾಳೆಯನ್ನು ಕನ್ನಡಿಯಂತೆ ಆಗುವವರೆಗೆ ಹೊಳಪು ಮಾಡಬೇಕು. ಐಸಿನಷ್ಟು ತಣ್ಣಗಿರುವ ಆಸಿಡ್ಡಿನಲ್ಲಿ ಅದನ್ನು ಮುಳುಗಿಸಿ ಗಂಟೆಗಟ್ಟಲೆ ಕರೆಂಟು ಹರಿಸಬೇಕು. ಲೋಹದ ಮೈಮೇಲೆ ಒಂದು ಪೊರೆ ಬೆಳೆಯುತ್ತದೆ. ಆ ಪೊರೆಯ ತುಂಬ ನೆಟ್ಟಗೆ ಕೆಳಗಿಳಿಯುವ ತೂತುಗಳು, ಜೇನುಹುಟ್ಟಿನ ಹಾಗೆ ಒಂದರ ಪಕ್ಕ ಒಂದು. ಒಂದು ತಲೆಗೂದಲಿನ ತುದಿಯಷ್ಟು ಜಾಗದಲ್ಲಿ ಲಕ್ಷಗಟ್ಟಲೆ ಇರುತ್ತವೆ. ಅವನ್ನು ಯಾರೂ ಕೊರೆಯುವುದಿಲ್ಲ, ತಾವಾಗಿಯೇ ಸಾಲು ಹಿಡಿಯುತ್ತವೆ. ಆಮೇಲೆ ಅಡಿಯ ಲೋಹವನ್ನು ಕರಗಿಸಿದರೆ ಪೊರೆ ಮಾತ್ರ ಉಳಿಯುತ್ತದೆ. ಆದರೆ ತೂತುಗಳ ತಳ ಇನ್ನೂ ಮುಚ್ಚಿರುತ್ತದೆ. ಅದನ್ನು ತೆರೆಯಲು ಬೇರೆ ಆಸಿಡ್ಡಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಬೇಕು. ನಾವು ಅದಕ್ಕೆ ತಳ ಬಿಡಿಸುವುದು ಎನ್ನುತ್ತಿದ್ದೆವು. ಕಡಿಮೆ ನೆನೆದರೆ ತಳ ಬಿಡುವುದಿಲ್ಲ. ಹೆಚ್ಚು ನೆನೆದರೆ ತೂತು ಅಗಲವಾಗಿ ಗೋಡೆ ಸವೆಯುತ್ತದೆ. ಎಲ್ಲವೂ ಹೊತ್ತಿನ ಮೇಲೆ ನಿಂತ ಕೆಲಸ.

ಊಟವಾದ ಮೇಲೆ ಆಸಿಡ್ಡು ಕದಡುವ ಯಂತ್ರ ಗುಂಯ್ ಎನ್ನುತ್ತಿರುವಾಗ, ಕಿಟಕಿಯಾಚೆ ಮಂಜು ಹುಲ್ಲಿನ ಮೇಲೆ ಮಲಗಿರುವಾಗ, ನಾನು ಎಷ್ಟೋ ಸಲ ಆ ತೂತೊಂದರೊಳಗೆ ಇಳಿದುಬಿಡುತ್ತಿದ್ದೆ. ಅದೊಂದು ಬೆಳ್ಳಗಿನ ಬಾವಿ. ಗೋಡೆ ನುಣ್ಣಗೆ, ಸದ್ದಿಲ್ಲ. ಪಕ್ಕದ ಬಾವಿಯಲ್ಲಿ ಇನ್ನೊಬ್ಬ ಬಸಣ್ಣ ಇಳಿಯುತ್ತಿರುವಂತೆ ಅನಿಸುತ್ತಿತ್ತು. ಅವನನ್ನು ಕೂಗಬೇಕು ಎನ್ನುವಷ್ಟರಲ್ಲಿ ಬಾವ ಬೆನ್ನಿಗೆ ಗುದ್ದಿ, "ಐಸ್ ಕರಗ್ತಾ ಅದೆ ನೋಡ್ಲಾ" ಎನ್ನುತ್ತಿದ್ದ.

ಮೊದಲ ದಿನವೇ ಒಂದು ಪೊರೆಯನ್ನು ಬೆರಳಲ್ಲಿ ಎತ್ತಲು ಹೋದೆ. ಚಿಟ್ಟೆಯ ರೆಕ್ಕೆ ಮುಟ್ಟಿದ ಹಾಗೆ ಬೆರಳಿಗೆ ಪುಡಿ ಹತ್ತಿತು, ಅಷ್ಟೆ. ದೊಡ್ಡಸಾರ್ ಬಯ್ಯಲಿಲ್ಲ. ಚಪ್ಪಟೆ ಮೂತಿಯ ಚಿಮಟ ಕೊಟ್ಟು, ಒಣಗಿದ ಪೊರೆಗಿಂತ ನೀರಿನಲ್ಲಿರುವ ಪೊರೆಯೇ ಗಟ್ಟಿ ಎಂದುಕೊಂಡು ಎತ್ತು ಎಂದರು. ಅದನ್ನು ಕಲಿತೆ ಅಂದುಕೊಂಡೆ, ಕಲಿತಿರಲಿಲ್ಲ. ಮೊದಲ ಸಲ ಪೊರೆಗಳನ್ನು ಪರೀಕ್ಷೆಗೆಂದು ಕೊಯಮತ್ತೂರಿಗೆ ಒಯ್ದಾಗ ಟಿಫನ್ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡಿದ್ದೆ. ದಿಂಬಂ ಘಾಟಿಯ ತಿರುವುಗಳಲ್ಲಿ ಬಸ್ಸು ಒಂದು ಸಲ ಆ ಕಡೆ, ಒಂದು ಸಲ ಈ ಕಡೆ ವಾಲಿತು. ಅಲ್ಲಿ ಡಬ್ಬಿ ತೆರೆದರೆ ಹತ್ತಿಯ ತುಂಬ ಪುಡಿಯಾದ ಹಪ್ಪಳದಂತೆ ಪೊರೆಯ ಚೂರುಗಳು. ಅಲ್ಲಿಂದ ಮುಂದೆ ಗಾಜಿನ ಜಾಡಿಗೆ ಗಾಳಿ ಉಳಿಯದ ಹಾಗೆ ನೀರು ತುಂಬಿ, ಪೊರೆಗಳನ್ನು ಅದರಲ್ಲಿಟ್ಟು, ಜಾಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಇಳಿಯುತ್ತಿದ್ದೆ. ಪಕ್ಕದಲ್ಲಿ ಕೂತವರು ಮೀನು ಎಲ್ಲಿ ಎಂದು ಕೇಳುತ್ತಿದ್ದರು.

ಆ ವರ್ಷಗಳಲ್ಲಿ ವಿಧಾನಗಳೂ ಬದಲಾದವು. ಮೊದಲು ಸೋಡಾ ಅಂಗಡಿಯಿಂದ ಗೋಣಿಯಲ್ಲಿ ಸುತ್ತಿ ಐಸು ತರುತ್ತಿದ್ದೆವು. ಆಮೇಲೆ ತಣ್ಣಗೆ ಮಾಡುವ ಯಂತ್ರ ಬಂತು. ಕರೆಂಟು ಹೋದರೆ ಅರ್ಧ ಬೆಳೆದ ಪೊರೆ ಹಾಳಾಗುತ್ತಿದ್ದ ಕಾಲ ಹೋಗಿ ಬ್ಯಾಟರಿಗಳು ಬಂದವು. ಅವು ಬಂದರೂ ಎರಡು ಮೂರು ಗಂಟೆಗಿಂತ ಹೆಚ್ಚು ತಡೆಯುತ್ತಿರಲಿಲ್ಲ. ಹಾಗಾಗಿ ಮುಖ್ಯವಾದ ಪೊರೆಗಳನ್ನು ಹಬ್ಬದ ದಿನಗಳಲ್ಲೇ ಬೆಳೆಸುತ್ತಿದ್ದೆವು. ಹಬ್ಬದಲ್ಲಿ ಕಾರ್ಖಾನೆಗಳಿಗೆ ರಜೆ, ಕರೆಂಟು ಹೋಗುವುದಿಲ್ಲ. ನನ್ನ ತಪ್ಪಿನ ಬೇರೂ ಅಲ್ಲಿಯೇ ಇದೆ.

ಪೂಂಗೊಡಿ ಘಾಟಿಯ ಕೆಳಗಿನ ಗೋಬಿ ಎಂಬ ಊರಿನ ಕಡೆಯ ಹುಡುಗಿ. ಡಾಕ್ಟರೇಟಿಗೆಂದು ದೊಡ್ಡಸಾರ್ ಹತ್ತಿರ ಬಂದಿದ್ದಳು. ನಮ್ಮ ಜೊತೆ ತಮಿಳಿನಲ್ಲೇ ಮಾತಾಡುತ್ತಿದ್ದಳು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಅವಳ ತಮ್ಮನಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ, ದಿನಾ ಇಂಜೆಕ್ಷನ್. ಅವಳು ಮಾಡಲು ಹೊರಟಿದ್ದು ಒಂದು ಪುಟ್ಟ ಡಬ್ಬಿ. ಇನ್ಸುಲಿನ್ ಮಾಡುವ ಜೀವಕಣಗಳನ್ನು ಅದರೊಳಗಿಟ್ಟು ಮೈಯೊಳಗೆ ಕೂರಿಸಬೇಕು. ಡಬ್ಬಿಯ ಗೋಡೆ ನಮ್ಮ ಪೊರೆ. ಅದರ ತೂತಿನಲ್ಲಿ ಸಕ್ಕರೆ ಒಳಗೆ ಹೋಗಬೇಕು, ಇನ್ಸುಲಿನ್ ಹೊರಗೆ ಬರಬೇಕು. ಆದರೆ ಹೊರಗಿನ ಜೀವಕಣವನ್ನು ಕೊಲ್ಲಲು ರಕ್ತದಲ್ಲಿ ತಿರುಗುವ ಕಾವಲಿನ ಕಣಗಳು ದೊಡ್ಡವು, ಅವು ಮಾತ್ರ ನುಗ್ಗಬಾರದು. ತೂತಿನ ಅಳತೆ ಸರಿಯಾದರೆ ಡಬ್ಬಿಯೊಳಗಿನ ಜೀವ ಬದುಕುತ್ತದೆ. ಇದುವರೆಗೆ ಆ ಅಳತೆಯನ್ನು ಯಾರೂ ಸರಿಯಾಗಿ ಹಿಡಿದಿಲ್ಲ, ನೀನು ಹಿಡಿದರೆ ಮೊದಲನೆಯವಳು ಎಂದು ದೊಡ್ಡಸಾರ್ ಅವಳಿಗೆ ಹೇಳುತ್ತಿದ್ದರು. ಎಷ್ಟು ವೋಲ್ಟಿಗೆ ಎಷ್ಟು ಅಗಲದ ತೂತು ಎಂದು ಅವಳು ತಿಂಗಳುಗಟ್ಟಲೆ ಲೆಕ್ಕ ಹಾಕಿದಳು. ಆ ದೀಪಾವಳಿಗೆ ತನ್ನ ಒಳ್ಳೆಯ ಹಾಳೆಯನ್ನು ಆಸಿಡ್ಡಿಗೆ ಇಳಿಸಿದಳು.

ಪೊರೆಗಳು ಬಂದವು. ಲೋಹ ಕರಗಿಸಿದ್ದೂ ಆಯಿತು. ತಳ ಬಿಡಿಸುವುದೊಂದು ಉಳಿದಿತ್ತು. ತಮ್ಮ ಕಾಯುತ್ತಿರುತ್ತಾನೆ ಎಂದು ಅವಳು ಊರಿನ ಬಸ್ಸು ಹತ್ತಿದಳು. ದೊಡ್ಡಸಾರ್ ಮದರಾಸಿನಲ್ಲಿದ್ದರು. ಅರ್ಧ ಗಂಟೆ ನೆನೆಹಾಕಿ ಎತ್ತುವ ಕೆಲಸ ತಾನೇ, ಬೀರಪ್ಪ ನೋಡಿಕೊಳ್ಳುತ್ತಾನೆ ಎಂದಾಯಿತು.

ಮಾರನೆಯ ದಿನ ಗುಮಟಾಪುರದಲ್ಲಿ ಗೋರೆಹಬ್ಬ. ಊರ ಸಗಣಿಯೆಲ್ಲ ಬೀರೇಶ್ವರನ ಗುಡಿಯ ಹಿಂದೆ ಗುಡ್ಡೆಯಾಗುತ್ತದೆ. ಗಂಡಸರು ಬರಿಮೈಯಲ್ಲಿ ಅದರೊಳಗಿಳಿದು ಒಬ್ಬರಿಗೊಬ್ಬರು ಎರಚುತ್ತಾರೆ. ಅದಕ್ಕೂ ಮೊದಲು ಕೆರೆಯಲ್ಲಿ ಕತ್ತೆಯನ್ನು ಮೀಯಿಸಿ, ಒಬ್ಬನಿಗೆ ಹುಲ್ಲಿನ ಮೀಸೆ ಗಡ್ಡ ಕಟ್ಟಿ, ಚಾಡಿಕೋರ ಎಂದು ಅದರ ಮೇಲೆ ಕೂರಿಸಿ ತರುತ್ತಾರೆ. ಊರೆಲ್ಲ ಅವನನ್ನು ಬಾಯಿಗೆ ಬಂದ ಹಾಗೆ ಬಯ್ಯುತ್ತದೆ. ಕೊನೆಗೆ ಚಾಡಿಕೋರನ ಗೊಂಬೆಯನ್ನು ಸುಡುತ್ತಾರೆ. ಅಮ್ಮನ ತವರಾದ್ದರಿಂದ ನಾನು ತೊಡೆಯಷ್ಟೆತ್ತರ ಇದ್ದಾಗಿನಿಂದ ಅದನ್ನು ನೋಡುತ್ತ ಬಂದವನು. ಕದ್ದವನಿಗೆ, ಕುಡಿದವನಿಗೆ ನಮ್ಮಲ್ಲಿ ಕತ್ತೆಯಿಲ್ಲ. ಒಬ್ಬನ ವಿಷಯವನ್ನು ಇನ್ನೊಬ್ಬನ ಕಿವಿಗೆ ಹಾಕುವವನಿಗೆ ಕತ್ತೆ.

ಅವತ್ತು ಎರಚಾಟ ಮುಗಿದು ಮನೆಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಬಾವ ನನ್ನ ಕೈ ಹಿಡಿದೆಳೆದ. ತಲೆಯಿಂದ ಕಾಲವರೆಗೆ ಹಸಿರು. ಕಣ್ಣು ಮಾತ್ರ ಬೆಳ್ಳಗೆ.

"ಬೇಗ್ ಬಾಲಾ. ಪೊರೆ ಎತ್ತಿಲ್ಲ."

ಮೊಪೆಡ್ ಏರಿ ಹೋದೆವು. ಆ ಮೈಯಲ್ಲಿ ಒಳಗೆ ಕಾಲಿಡುವಂತಿಲ್ಲ ಎಂದು ಅವನು ಬಾಗಿಲಲ್ಲೇ ನಿಂತ. ಎರಚಾಟಕ್ಕೆ ಇಳಿಯದೆ ನೋಡುತ್ತ ನಿಂತಿದ್ದ ನಾನು ಒಳಗೆ ಹೋದೆ. ಸಂಜೆಯ ಕೊನೆಯ ಬೆಳಕು ಕಿಟಕಿಯಿಂದ ಬಂದು ಆಸಿಡ್ಡಿನ ತಟ್ಟೆಯ ಮೇಲೆ ಬಿದ್ದಿತ್ತು. ಆಸಿಡ್ಡಿನ ತಳದಲ್ಲಿ ಪೊರೆಗಳು ಬೆಳದಿಂಗಳಿನ ಚೂರುಗಳ ಹಾಗೆ ಮಲಗಿದ್ದವು. ಚಳಿಗೆ ಆಸಿಡ್ಡು ನಿಧಾನವಾದ್ದರಿಂದ ಅವು ಉಳಿದಿದ್ದವು, ಇಲ್ಲದಿದ್ದರೆ ಕರಗಿಯೇ ಹೋಗುತ್ತಿದ್ದವು. ಒಂದೊಂದನ್ನೂ ಎತ್ತಿ, ತೊಳೆದು, ಜಾಡಿಗೆ ಹಾಕಿದೆ. ನೋಡಲು ಏನೂ ಬದಲಾಗಿರಲಿಲ್ಲ.

"ಚೆಂದಾಗೇ ಅವೆ ಅಲ್ವಾ?" ಎಂದ ಬಾವ ಬಾಗಿಲಿನಿಂದ.

ಚೆನ್ನಾಗಿವೆ ಎಂದೆ. ಅವನು ಯಾವಾಗ ಹಾಕಿದ್ದ ಎಂದು ನಾನು ಕೇಳಲಿಲ್ಲ. ಮಾರನೆಯ ದಿನ ಲ್ಯಾಬಿನ ದಾಖಲೆ ಪುಸ್ತಕದಲ್ಲಿ ಅವನು ಅರ್ಧ ಗಂಟೆ ಎಂದು ಬರೆದ. ಯಾರಿಗೂ ಹೇಳಬೇಡ ಎಂದು ಅವನು ಹೇಳಲೂ ಇಲ್ಲ. ಅದನ್ನು ನನಗೆ ಹೇಳಬೇಕಾಗಿಯೂ ಇರಲಿಲ್ಲ.

ಪೂಂಗೊಡಿ ಆ ಜಾಡಿಯನ್ನು ಕೊಯಮತ್ತೂರಿಗೆ ಒಯ್ದಳು. ಮರಳಿ ಬಂದಾಗ ಮುಖ ಬಾಡಿತ್ತು. ಪೊರೆ ಯಾವುದನ್ನೂ ತಡೆದಿರಲಿಲ್ಲ. ಇನ್ಸುಲಿನ್ ದಾಟಿದಷ್ಟೇ ಸಲೀಸಾಗಿ ದೊಡ್ಡ ಕಣಗಳೂ ದಾಟಿದ್ದವು. ತೂತು ದೊಡ್ಡದಾಗಿದೆ, ವೋಲ್ಟು ಕಡಿಮೆ ಮಾಡಬೇಕು ಎಂದು ಅವಳೂ ದೊಡ್ಡಸಾರೂ ಕೂತು ತೀರ್ಮಾನಿಸಿದರು. ನಾನು ಅಲ್ಲೇ ಗಾಜು ತೊಳೆಯುತ್ತಿದ್ದೆ. ಅವಳು ನಮ್ಮ ಕೈಗಳನ್ನು ನಂಬಿದ್ದಳು. ಹಾಗಾಗಿ ತನ್ನ ಲೆಕ್ಕವನ್ನೇ ಅನುಮಾನಿಸಿದಳು.

ದೊಡ್ಡಸಾರ್‌ಗೆ ಒಂದು ಅಭ್ಯಾಸವಿತ್ತು. ಸಂಜೆ ಹೊರಡುವಾಗ ಏನು ಕೆಲಸ ಮಾಡಿದೆ ಎಂದು ಯಾರನ್ನೂ ಕೇಳುತ್ತಿರಲಿಲ್ಲ. "ಇವತ್ತು ಏನು ನೋಡಿದೆ?" ಎನ್ನುತ್ತಿದ್ದರು. ಆಸಿಡ್ಡಿನಲ್ಲಿ ಗುಳ್ಳೆ ಹೆಚ್ಚಿತ್ತು, ಹಾಳೆಯ ಅಂಚು ಹಳದಿಯಾಗಿತ್ತು, ಹೀಗೆ ಏನಾದರೂ ಹೇಳಬೇಕು. ಆ ವರ್ಷವಿಡೀ ನನಗೆ ಆ ಪ್ರಶ್ನೆಯೆಂದರೆ ಹೆದರಿಕೆ. ಏನೇನೋ ಹೇಳಿ ಸೈಕಲ್ ಹತ್ತುತ್ತಿದ್ದೆ.

ಅವಳು ವೋಲ್ಟು ಇಳಿಸಿದಳು. ತೂತುಗಳು ಸಣ್ಣವಾಗಿ ಸಾಲು ಕೆಟ್ಟವು, ಇನ್ಸುಲಿನ್ನೇ ದಾಟಲಿಲ್ಲ. ಆಸಿಡ್ಡು ಬದಲಿಸಿದಳು. ಪೊರೆ ಕೈಗೆ ಸಿಗದಷ್ಟು ಮೆದುವಾಯಿತು. ಮಳೆ ಬಂತು, ಹೋಯಿತು. ಕಿಟಕಿಯಲ್ಲಿ ಮಂಜು, ಒಳಗೆ ಅದೇ ಗುಂಯ್ ಸದ್ದು. ಅವಳು ಮೆಟ್ಟಿಲ ಮೇಲೆ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಿದ್ದಳು. ಅವಳಿಗೆ ಕೊಟ್ಟ ಕಾಲ ಮುಗಿಯುತ್ತ ಬಂದಿತ್ತು. ಅವಳು ನಿದ್ದೆಯಲ್ಲಿ ನಡೆಯುವವಳ ಹಾಗೆ ಕಾಣುತ್ತಿದ್ದಳು. ನಾನೂ ಹಾಗೆಯೇ ನಡೆಯುತ್ತಿದ್ದೆನೋ ಏನೋ. ಹೇಳಿಬಿಡಬೇಕು ಎಂದು ಎದ್ದ ದಿನಗಳಿದ್ದವು. ಕಣ್ಣ ಮುಂದೆ ಕತ್ತೆ ಬರುತ್ತಿತ್ತು. ಅಕ್ಕನ ಗಂಡನ ಮೇಲೆ, ನನಗೆ ಅನ್ನ ಹುಡುಕಿಕೊಟ್ಟವನ ಮೇಲೆ ಚಾಡಿ ಹೇಳುವುದು ಹೇಗೆ?

ಮುಂದಿನ ಗೋರೆಹಬ್ಬ ಬಂತು. ಚಾಡಿಕೋರನನ್ನು ಹೊತ್ತ ಕತ್ತೆ ನನ್ನ ಮುಂದೆಯೇ ಹಾದುಹೋಯಿತು. ಆಗ ಒಂದು ಉಪಾಯ ಹೊಳೆಯಿತು. ಅದು ಎಷ್ಟು ಚೆಂದ ಕಂಡಿತು ಅಂದರೆ, ದಾರಿಯುದ್ದಕ್ಕೂ ನಾನು ತೇಲುತ್ತ ಬಂದೆ. ತಪ್ಪು ನನ್ನದೇ ಎಂದು ಹೇಳಿಬಿಟ್ಟರೆ ಅದು ಚಾಡಿಯಾಗುವುದಿಲ್ಲವಲ್ಲ.

ಮಾರನೆಯ ಬೆಳಿಗ್ಗೆ ಪೂಂಗೊಡಿಯ ಮುಂದೆ ನಿಂತು, ಹೋದ ಹಬ್ಬದಲ್ಲಿ ತಳ ಬಿಡಿಸಲು ಹಾಕಿದ ಪೊರೆಗಳನ್ನು ನಾನು ಮರೆತಿದ್ದೆ ಎಂದೆ. ಬೀರಪ್ಪ ನನಗೆ ಒಪ್ಪಿಸಿ ಹೋಗಿದ್ದ ಎಂದೂ ಸೇರಿಸಿದೆ. ಅವಳು ಕೈಯಲ್ಲಿದ್ದ ಜಾಡಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು. ಬಯ್ಯಲಿಲ್ಲ.

"ಎಷ್ಟು ಹೊತ್ತು ಇತ್ತು ಅಣ್ಣಾ?"

"ಒಂದು ಗಂಟೆ ಇರಬಹುದು."

"ಇರಬಹುದಾ, ಇತ್ತಾ?"

"ಇತ್ತು" ಎಂದೆ.

ಮಕ್ಕಳೇ, ಇಲ್ಲಿ ಸ್ವಲ್ಪ ನಿಂತು ಓದಿ. ಹೇಳದೆ ಕಳೆದ ಒಂದು ವರ್ಷಕ್ಕಿಂತ ಈ ಒಂದು ಮಾತು ನನ್ನನ್ನು ಹೆಚ್ಚು ಸುಡುತ್ತದೆ. ಅವಳ ಹತ್ತಿರ ಆ ದೀಪಾವಳಿಯ ಹಾಳೆಯದೇ ಹಳೆಯ ಪೊರೆಗಳು, ತಳ ಬಿಡಿಸದವು, ಕೆಲವು ಉಳಿದಿದ್ದವು. ಒಂದನ್ನು ಸರಿಯಾಗಿ ಒಂದು ಗಂಟೆ ನೆನೆಹಾಕಿ ನೋಡಿದಳು. ಸ್ವಲ್ಪ ಸೋರಿತು, ಆದರೆ ಮೊದಲಿನ ಹಾಗೆ ಬಾಗಿಲು ತೆರೆದಂತೆ ಸೋರಲಿಲ್ಲ. ಅಂದರೆ ಅಣ್ಣನ ಮರೆವು ಕಾಲು ಪಾಲು, ತನ್ನ ಲೆಕ್ಕದ ತಪ್ಪು ಮುಕ್ಕಾಲು ಪಾಲು ಎಂದುಕೊಂಡಳು. ಮತ್ತೆ ವೋಲ್ಟು ಇಳಿಸುವ ದಾರಿಯಲ್ಲೇ ಹೋದಳು. ನನ್ನ ತ್ಯಾಗ ಅವಳ ಇನ್ನಷ್ಟು ತಿಂಗಳುಗಳನ್ನು ನುಂಗಿತು. ನಾನು ಹಗುರಾಗಿ ನಿದ್ದೆ ಮಾಡಿದೆ.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಗುಮಟಾಪುರದಲ್ಲಿ ಅಕ್ಕನ ಮನೆಯಲ್ಲಿ ಉಣ್ಣಲು ಕೂತಿದ್ದೆ. ಎದುರಿಗೆ ಬಾವ.

"ಏನ್ಲಾ, ನನ್ ತಪ್ಪ ನಿನ್ ತಲೆ ಮ್ಯಾಕ್ ಆಕ್ಕಂಡ್ಯಂತೆ. ಆ ಅಮ್ಮಣಿ ಯೋಳ್ತು."

"ನಿನ್ನೆಸ್ರು ಯೋಳಿದ್ರೆ ಚಾಡಿ ಆಯ್ತಿತ್ತು ಬಾವ."

"ಎಸ್ಟೊತ್ತು ಅಂದೆ?"

"ಒಂದ್ಗಂಟೆ."

ಬಾವನ ಕೈಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು. "ಕತ್ತೆನ ಕೆರೆಗೆ ಒಯ್ಯೋಕ್ ಮುಂಚೆ ಆಕ್ ಬುಟ್ ಬಂದಿದ್ದೆ ಕಣ್ಲಾ. ನೀನ್ ಎತ್ದಾಗ ದೀಪ ಅಚ್ಚಿದ್ರು."

ಒಂದು ಗಂಟೆಯಲ್ಲ, ಇಡೀ ಮಧ್ಯಾಹ್ನ. ಅಕ್ಕ ಸಾರು ಬಡಿಸುತ್ತ ಇಬ್ಬರ ಮುಖವನ್ನೂ ನೋಡಿದಳು. "ಒಬ್ಬ ಬಾಯೇ ಬುಡ್ನಿಲ್ಲ, ಇನ್ನೊಬ್ಬ ಬುಟ್ಟು ಸುಳ್ ಯೋಳ್ದ. ಇಬ್ರುನೂವೆ ಒಂದೇ ಕತ್ತೆ ಮ್ಯಾಲ್ ಕೂರಿಸ್ಬೇಕು" ಎಂದಳು.

ಬಾವ ಊಟ ಬಿಟ್ಟು ಎದ್ದ. ಇಬ್ಬರೂ ಲ್ಯಾಬಿಗೆ ಹೋದೆವು. ಒಳಗೆ ಬರಲು ಅವನಿಗೆ ಅವತ್ತು ಯಾವ ಅಡ್ಡಿಯೂ ಇರಲಿಲ್ಲ, ಆದರೂ ಬಾಗಿಲಲ್ಲೇ ನಿಂತ. "ನಾನೇ ಅಮ್ಮಣಿ, ಇವ್ನಲ್ಲ" ಎಂದು ಶುರುಮಾಡಿ, ಯಾವಾಗ ಹಾಕಿದ್ದು, ಯಾವಾಗ ನಾನು ಎತ್ತಿದ್ದು ಎಲ್ಲವನ್ನೂ ಹೇಳಿದ. ಅವಳು ಕಾಗದದ ಮೇಲೆ ಬರೆದುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಯಾಕೆ ಅವತ್ತೇ ಹೇಳಲಿಲ್ಲ ಎಂದು ಕೇಳಿದಳು. ನಾನು ಹಬ್ಬದ ವಿಷಯ ಹೇಳಿದೆ, ಕತ್ತೆಯ ವಿಷಯ ಹೇಳಿದೆ, ಚಾಡಿಕೋರನನ್ನು ಊರು ಹೇಗೆ ನಡೆಸಿಕೊಳ್ಳುತ್ತದೆ ಎಂದು ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾನು ಗೋಬಿಯವಳು ಅಣ್ಣಾ. ನಿಮ್ಮ ಕತ್ತೆ ನನಗೆ ಗೊತ್ತಿಲ್ಲ. ಯಾರು ಮರೆತರು ಅಂತ ನಾನು ಕೇಳಲೇ ಇಲ್ಲ. ಎಷ್ಟು ಹೊತ್ತು ಅಂತ ಕೇಳಿದೆ."

ಆ ಮಾತು ಕೇಳಿದ ಮೇಲೆ ಲ್ಯಾಬಿನಲ್ಲಿ ನನಗೆ ಕಲಿಯಲು ಬೇರೇನೂ ಉಳಿಯಲಿಲ್ಲ. ಮನುಷ್ಯರ ನಡುವೆ ಹೆಸರು ಮುಚ್ಚುವುದು ದೊಡ್ಡ ಗುಣ ಇರಬಹುದು. ಆದರೆ ಪೊರೆಗೆ ಹೆಸರಿಲ್ಲ. ಅದಕ್ಕೆ ಏನಾಯಿತೋ ಅಷ್ಟೇ ಅದರಲ್ಲಿ ಉಳಿದಿರುತ್ತದೆ.

ಅವಳು ಇನ್ನೊಂದು ಹಳೆಯ ಪೊರೆಯನ್ನು ಇಡೀ ಮಧ್ಯಾಹ್ನ ನೆನೆಹಾಕಿ ನೋಡಿದಳು. ಮೊದಲ ಸಲ ಸೋರಿದ ಹಾಗೆಯೇ ಸೋರಿತು. ಅಲ್ಲಿಗೆ ಗೊತ್ತಾಯಿತು, ಅವಳ ಲೆಕ್ಕ ಮೊದಲಿನಿಂದಲೂ ಸರಿಯಾಗಿತ್ತು. ಅದೇ ವೋಲ್ಟಿನಲ್ಲಿ ಹೊಸ ಹಾಳೆ ಇಳಿಸಿದಳು.

ಆ ಪೊರೆ ಬೆಳೆಯುತ್ತಿರುವಾಗಲೇ ದೊಡ್ಡಸಾರ್ ಮದರಾಸಿನಿಂದ ಒಂದು ವಿಜ್ಞಾನ ಪತ್ರಿಕೆ ಹಿಡಿದುಕೊಂಡು ಬಂದರು. ಹೊರದೇಶದಲ್ಲಿ ಯಾರೋ ಇದೇ ಪೊರೆಯನ್ನು, ಇದೇ ಅಳತೆಯ ತೂತಿನಲ್ಲಿ ಮಾಡಿ ತೋರಿಸಿದ್ದರು. ದೊಡ್ಡಸಾರ್ ಅದನ್ನು ತಲೆ ಎತ್ತದೆ ಓದಿ ಹೇಳಿದರು. ಪೂಂಗೊಡಿ ಕಿಟಕಿಯ ಹತ್ತಿರ ನಿಂತು ಕೇಳಿದಳು. ನಾನು ಎಲ್ಲವನ್ನೂ ದೊಡ್ಡಸಾರ್‌ಗೆ ಅವತ್ತೇ ಹೇಳಿದೆ. ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅವತ್ತಿನಿಂದ ನಾನು ಬಿಡುವವರೆಗೂ ಸಂಜೆ ಏನು ನೋಡಿದೆ ಎಂದು ನನ್ನನ್ನು ಕೇಳಲಿಲ್ಲ.

ಅವಳಿಗೆ ಆಮೇಲೆ ಡಾಕ್ಟರೇಟ್ ಬಂತು. ಮೊದಲನೆಯವಳಾಗಿ ಘಾಟಿ ಇಳಿಯಬೇಕಾದವಳು ಎರಡನೆಯವಳಾಗಿ ಇಳಿದಳು. ನನ್ನಿಂದ ಹಾಗಾಯಿತು ಎಂದು ಅವಳು ಯಾರಲ್ಲೂ ಹೇಳಲಿಲ್ಲ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಅವಳು ಘಾಟಿ ಇಳಿಯುವ ಮುಂಚೆ, ಆ ಹೊಸ ಪೊರೆಯ ಮೊದಲ ಪರೀಕ್ಷೆ ನಮ್ಮ ಲ್ಯಾಬಿನಲ್ಲೇ ನಡೆಯಿತು. ಎರಡು ಗಾಜಿನ ಕೋಣೆಗಳು, ನಡುವೆ ಪೊರೆ. ಈ ಕಡೆ ದೊಡ್ಡ ಕಣಗಳಿಗೆ ಬಣ್ಣ ಕಟ್ಟಿದ ನೀಲಿ ನೀರು, ಆ ಕಡೆ ಬರಿಯ ನೀರು. ಪೊರೆ ಸೋತರೆ ಆ ಕಡೆಯೂ ನೀಲಿಯಾಗುತ್ತದೆ. ಪೂಂಗೊಡಿ, ಬಾವ, ನಾನು ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತೆವು. ಬಿಸಿಲು ಕಿಟಕಿಯಿಂದ ಬಂದು ನೀಲಿಯೊಳಗಿಳಿದು ಗೋಡೆಯ ಮೇಲೆ ತೂಗಾಡಿತು. ಮಧ್ಯಾಹ್ನವಾಯಿತು, ಬಿಸಿಲು ಗೋಡೆಯಿಂದ ನೆಲಕ್ಕಿಳಿಯಿತು. ಆ ಕಡೆಯ ನೀರಿನಲ್ಲಿ ಏನೂ ಆಗಲಿಲ್ಲ. ಏನೂ ಆಗದೇ ಇರುವುದನ್ನು ಅಷ್ಟು ಹೊತ್ತು ಕಣ್ಣು ಕೀಳದೆ ನೋಡಿದ್ದು ನನ್ನ ಬದುಕಿನಲ್ಲಿ ಅದೊಂದೇ ಸಲ.

ಸಂಜೆಗೆ ಅವಳು ಗಾಜಿಗೆ ಬೆರಳು ತಾಗಿಸಿ, ತನಗೇ ಹೇಳಿಕೊಳ್ಳುವ ಹಾಗೆ, "ಆ ಮೊದಲ ದೀಪಾವಳಿಯಲ್ಲೂ ಇದು ಹೀಗೇ ಇರಬೇಕಿತ್ತು ಅಣ್ಣಾ" ಎಂದಳು.

ಹೌದು ಎಂದೆ. ನೀರು ತಿಳಿಯಾಗಿಯೇ ಇತ್ತು.